ಹೊಲಿಗೆಯ ಅಡಿಯಲ್ಲಿ ಉಳಿದುಹೋಗುವ ಬಿರುಕು

ತಲೆಗೆ ಪೆಟ್ಟು ಬಿದ್ದು ರಕ್ತ ಸುರಿಸಿಕೊಂಡು ಬಂದವರನ್ನು ಕಂಡ ಕೂಡಲೇ ನಮ್ಮ ಕೈ ಹೋಗುವುದು ಗಾಜ್ ಬಟ್ಟೆಯ ಕಡೆಗೆ, ಅದಾದ ಮೇಲೆ ಸೂಜಿ ದಾರದ ಕಡೆಗೆ. ಇದರಲ್ಲಿ ತಪ್ಪೇನೂ ಇಲ್ಲ. ಸುರಿಯುವ ರಕ್ತವನ್ನು ನಿಲ್ಲಿಸದೆ ಮುಂದಿನ ಯಾವ ಕೆಲಸವೂ ಸಾಗುವುದಿಲ್ಲ. ಆದರೆ ಗಾಜ್ ಒತ್ತಿ ಹಿಡಿಯುವುದಕ್ಕೂ ಸೂಜಿ ಎತ್ತಿಕೊಳ್ಳುವುದಕ್ಕೂ ನಡುವೆ ಎರಡೇ ಎರಡು ನಿಮಿಷದ ಒಂದು ಕೆಲಸವಿದೆ: ಗಾಯದೊಳಗೆ ಬೆರಳಿಟ್ಟು ಬುರುಡೆಯ ಮೂಳೆ ಮುರಿದಿದೆಯೇ ಎಂದು ನೋಡುವುದು. ತುರ್ತು ವಿಭಾಗದ ನಿಮ್ಮೆಲ್ಲರ ಮುಂದೆ ಇಂದು ನಾನು ಮಾತನಾಡಬೇಕೆಂದುಕೊಂಡಿರುವುದು ಬಹುಮಟ್ಟಿಗೆ ಆ ಎರಡು ನಿಮಿಷದ ಬಗ್ಗೆ. ಹೊಟ್ಟೆಗೋ ಎದೆಗೋ ಪೆಟ್ಟಾದಾಗ ಒಳಗಿನ ಅಂಗವನ್ನು ಕೈಯಿಂದ ಮುಟ್ಟಿ ನೋಡುವ ಅವಕಾಶ ನಮಗೆ ಸಿಗುವುದಿಲ್ಲ. ತಲೆಚರ್ಮ ಹರಿದಾಗ ಮಾತ್ರ ಮೂಳೆಯನ್ನು ನೋಡಬಹುದು, ಬೆರಳಿನಿಂದ ಮುಟ್ಟಬಹುದು. ಹೊಲಿಗೆ ಹಾಕಿದ ಮರುಕ್ಷಣ ಆ ಅವಕಾಶ ಮುಚ್ಚಿಹೋಗುತ್ತದೆ, ಮುಚ್ಚಿದವರೂ ನಾವೇ ಆಗಿರುತ್ತೇವೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದದ್ದನ್ನು ಹೇಳಿ ಮುಂದುವರಿಯುತ್ತೇನೆ. ರಾತ್ರಿ ಪಾಳಿಯಲ್ಲಿ ಇಪ್ಪತ್ತೈದರ ಆಸುಪಾಸಿನ ಯುವಕನೊಬ್ಬ ತಲೆಗೆ ಬಟ್ಟೆ ಒತ್ತಿಕೊಂಡು ತಾನೇ ನಡೆದು ಬಂದ. ಎತ್ತರದ ಕಪಾಟಿನ ಮೇಲಿಟ್ಟಿದ್ದ ಕಬ್ಬಿಣದ ಸ್ಪ್ಯಾನರ್ ಜಾರಿ ಎಡಗಿವಿಯಿಂದ ನಾಲ್ಕು ಬೆರಳು ಮೇಲೆ ಬಿದ್ದಿತ್ತು. ಗಾಯ ಸುಮಾರು 3 ಸೆಂ.ಮೀ. ಉದ್ದವಿತ್ತು. ಪ್ರಜ್ಞೆ ತಪ್ಪಿರಲಿಲ್ಲ, ವಾಂತಿಯಾಗಿರಲಿಲ್ಲ, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರಿಸುತ್ತಿದ್ದ, ಪ್ರಜ್ಞೆಯ ಮಟ್ಟವನ್ನು ಹೇಳುವ ಗ್ಲ್ಯಾಸ್ಗೋ ಅಂಕ ಪೂರ್ತಿ 15. ಗಾಯ ತೊಳೆದೆ, ಐದು ಹೊಲಿಗೆ ಹಾಕಿದೆ, ಟಿಟಿ ಇಂಜೆಕ್ಷನ್ ಕೊಟ್ಟೆ. ಎದ್ದು ಹೊರಡುವಾಗ ಅವನು, “ಡಾಕ್ಟ್ರೇ, ಸ್ಕ್ಯಾನ್ ಏನಾದರೂ ಬೇಕಾಗುತ್ತದೆಯೇ?” ಎಂದು ಕೇಳಿದ. ಬೇಡವೆಂದೆ. ಮೂರನೆಯ ದಿನ ಜ್ವರ ಮತ್ತು ತಲೆನೋವಿನೊಂದಿಗೆ ಮರಳಿ ಬಂದಾಗ ಹೊಲಿಗೆಗಳ ನಡುವಿನಿಂದ ನೀರಿನಂಥ ದ್ರವ ಜಿನುಗುತ್ತಿತ್ತು. ಸಿಟಿ ಸ್ಕ್ಯಾನಿನಲ್ಲಿ ಮೂಳೆಯ ಚೂರೊಂದು ಒಳಕ್ಕೆ ಕುಸಿದಿರುವುದು ಕಂಡಿತು. ನರಶಸ್ತ್ರವೈದ್ಯರು ಶಸ್ತ್ರಕೋಣೆಗೆ ನನ್ನನ್ನೂ ಕರೆಸಿಕೊಂಡು, ಗಾಯವನ್ನು ತೆರೆದ ಮೇಲೆ, “ಇಲ್ಲಿ ಬೆರಳಿಟ್ಟು ನೋಡಿ” ಎಂದರು. ನುಣುಪಾದ ಮೂಳೆಯ ಮೇಲೆ ಜಾರುತ್ತಿದ್ದ ನನ್ನ ಬೆರಳು ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು ಕೆಳಗಿಳಿಯಿತು. ಆ ಮೆಟ್ಟಿಲಿನ ಅಂಚಿನಲ್ಲಿ ಎರಡು ಕೂದಲು ಸಿಕ್ಕಿಕೊಂಡಿದ್ದವು. ಸ್ಪ್ಯಾನರಿನ ಪೆಟ್ಟಿಗೆ ಅವು ಒಳಗೆ ಹೋಗಿದ್ದವು, ನನ್ನ ಹೊಲಿಗೆಯಿಂದ ಅಲ್ಲಿಯೇ ಉಳಿದಿದ್ದವು. ಯುವಕ ಗುಣವಾದ. ಮೊದಲ ರಾತ್ರಿಯೇ ಆ ಮೆಟ್ಟಿಲು ನನ್ನ ಬೆರಳಿಗೆ ಸಿಗಬಹುದಿತ್ತು ಎಂಬುದು ಮಾತ್ರ ನನ್ನಲ್ಲಿ ಉಳಿಯಿತು.

ಇಂಥ ಬಿರುಕು ಏಕೆ ಅಡಗಿ ಕೂರುತ್ತದೆ ಎಂಬುದು ತಿಳಿಯಬೇಕಾದರೆ ತಲೆಚರ್ಮದ ರಚನೆಯನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಹೊರಗಿನಿಂದ ಒಳಕ್ಕೆ ಐದು ಪದರಗಳು: ಚರ್ಮ, ಅದರಡಿಯ ದಟ್ಟವಾದ ನಾರಿನ ಪದರ, ಗೇಲಿಯಾ ಎಂಬ ಗಟ್ಟಿ ಹಾಳೆ, ಅದರ ಕೆಳಗೆ ಸಡಿಲವಾದ ಜಾಳು ಪದರ, ಕೊನೆಗೆ ಮೂಳೆಗೆ ಅಂಟಿಕೊಂಡಿರುವ ಪೆರಿಕ್ರೇನಿಯಂ ಎಂಬ ಪೊರೆ. ರಕ್ತನಾಳಗಳು ಇರುವುದು ಎರಡನೆಯ ಪದರದಲ್ಲಿ. ಅಲ್ಲಿನ ನಾರುಗಳು ನಾಳದ ಗೋಡೆಯನ್ನು ಸುತ್ತಲಿನಿಂದ ಎಳೆದು ಹಿಡಿದಿರುವುದರಿಂದ, ಕತ್ತರಿಸಿದ ನಾಳವು ಬೇರೆಡೆಯಂತೆ ಕುಗ್ಗಿ ಮುಚ್ಚಿಕೊಳ್ಳಲಾರದು, ಬಾಯಿ ತೆರೆದುಕೊಂಡೇ ಇರುತ್ತದೆ. ತಲೆಯ ಗಾಯ ಅದರ ಗಾತ್ರಕ್ಕೆ ಮೀರಿ ರಕ್ತ ಸುರಿಸುವುದು ಈ ಕಾರಣದಿಂದ. ಚಿಕ್ಕ ಮಕ್ಕಳಲ್ಲಂತೂ ತಲೆಚರ್ಮದ ರಕ್ತಸ್ರಾವವೊಂದರಿಂದಲೇ ರಕ್ತದೊತ್ತಡ ಕುಸಿಯಬಹುದು. ಇನ್ನು ನಾಲ್ಕನೆಯ ಜಾಳು ಪದರ. ನೀವು ಬೆರಳುಗಳಿಂದ ತಲೆಚರ್ಮವನ್ನು ಹಿಂದೆ ಮುಂದೆ ಸರಿಸಬಲ್ಲಿರಿ ಎಂದಾದರೆ ಅದಕ್ಕೆ ಕಾರಣ ಈ ಪದರ. ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ಏಕೆಂದರೆ ಪೆಟ್ಟು ಬೀಳುವ ಕ್ಷಣದಲ್ಲಿ ತಲೆಚರ್ಮ ಇದ್ದ ಜಾಗ ಬೇರೆ, ನೀವು ನೋಡುವಾಗ ಅದು ಇರುವ ಜಾಗ ಬೇರೆ. ಬೀಳುವಾಗ ಚರ್ಮ ಎಳೆಯಲ್ಪಟ್ಟಿರುತ್ತದೆ, ಆಮೇಲೆ ತನ್ನ ಸ್ಥಾನಕ್ಕೆ ಮರಳುತ್ತದೆ. ಹೀಗಾಗಿ ಚರ್ಮದ ಗಾಯದ ನೇರ ಕೆಳಗಿನ ಮೂಳೆ ಗಾಜಿನಂತೆ ನುಣುಪಾಗಿದ್ದು, ಬಿರುಕು ಅಲ್ಲಿಂದ ಒಂದೆರಡು ಸೆಂ.ಮೀ. ಆಚೆ, ಹರಿಯದ ಚರ್ಮದ ಅಡಿಯಲ್ಲಿ ಇರಬಹುದು. ಗಾಯದ ಬಾಯಿಯಲ್ಲಿ ಮಾತ್ರ ಇಣುಕಿ ನೋಡಿ ‘ಮೂಳೆ ಸರಿಯಿದೆ’ ಎಂದು ಬರೆಯುವವರು ಮೋಸಹೋಗುವುದು ಇಲ್ಲಿಯೇ. ಬೆರಳನ್ನು ಗೇಲಿಯಾದ ಅಡಿಯಲ್ಲಿ ಗಾಯದ ಎಲ್ಲ ದಿಕ್ಕಿಗೂ ಸ್ವಲ್ಪ ಸರಿಸಿ ನೋಡಬೇಕು, ಚರ್ಮವನ್ನೂ ಅತ್ತಿತ್ತ ಸರಿಸಿ ಗಾಯದ ಬಾಯಿಯ ಅಡಿಯಲ್ಲಿ ಮೂಳೆಯ ಬೇರೆ ಬೇರೆ ಭಾಗಗಳು ಬರುವಂತೆ ಮಾಡಿಕೊಳ್ಳಬೇಕು.

ಬೆರಳಿಡುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಉಸಿರಾಟ, ರಕ್ತಪರಿಚಲನೆ, ಕುತ್ತಿಗೆಯ ಮೂಳೆ, ಪ್ರಜ್ಞೆಯ ಮಟ್ಟ, ಕಣ್ಣಿನ ಪಾಪೆ ಇವೆಲ್ಲವನ್ನೂ ನೋಡಿಯಾದ ಮೇಲೆ ಗಾಯಕ್ಕೆ ಬನ್ನಿ. ಮೊದಲು ಒತ್ತಿ ಹಿಡಿದು ರಕ್ತ ನಿಲ್ಲಿಸಿ. ಗಾಯದ ಅಂಚುಗಳ ಮೂಲಕ ಅಡ್ರಿನಲಿನ್ ಬೆರೆತ ಲಿಗ್ನೋಕೇನ್ ಕೊಟ್ಟರೆ ನೋವೂ ಹೋಗುತ್ತದೆ, ರಕ್ತವೂ ತಗ್ಗುತ್ತದೆ. ನೋವಿನಿಂದ ಹೊರಳಾಡುವ ರೋಗಿಯ ಗಾಯದಲ್ಲಿ ಯಾರ ಬೆರಳಿಗೂ ಏನೂ ತಿಳಿಯುವುದಿಲ್ಲ. ಧಾರಾಳವಾಗಿ ಸೆಲೈನ್ ಹಾಕಿ ಹೆಪ್ಪುಗಟ್ಟಿದ ರಕ್ತವನ್ನು ತೊಳೆಯಿರಿ. ತಲೆಯನ್ನು ಬೋಳಿಸಬೇಕಾಗಿಲ್ಲ, ಗಾಯದ ಅಂಚಿನ ಕೂದಲನ್ನು ಕತ್ತರಿಸಿದರೆ ಅಥವಾ ಒದ್ದೆ ಮಾಡಿ ಬದಿಗೆ ಬಾಚಿದರೆ ಸಾಕು. ಒಳ್ಳೆಯ ದೀಪವಿರಲಿ. ಇಷ್ಟಾದ ಮೇಲೆ ಸ್ಟೆರೈಲ್ ಗ್ಲೌಸ್ ತೊಟ್ಟ ತೋರುಬೆರಳಿನ ತುದಿಯನ್ನು ಮೂಳೆಯ ಮೇಲೆ ಹಗುರವಾಗಿ ಇರಿಸಿ, ಒತ್ತದೆ, ಜಾರಿಸುತ್ತ ಹೋಗಿ. ನೀವು ಹುಡುಕುತ್ತಿರುವುದು ಮೆಟ್ಟಿಲು, ಚೂಪಾದ ಅಂಚು, ಅಲುಗಾಡುವ ಚೂರು. ಇವುಗಳಲ್ಲಿ ಯಾವುದೇ ಒಂದು ಸಿಕ್ಕರೂ ಬೆರಳನ್ನು ಹೊರತೆಗೆಯಿರಿ. ಎಷ್ಟು ಆಳಕ್ಕೆ ಕುಸಿದಿದೆ ಎಂದು ಅಳೆಯುವುದು ಸ್ಕ್ಯಾನಿನ ಕೆಲಸ. ಫೋರ್ಸೆಪ್ಸ್ ಅಥವಾ ಪ್ರೋಬ್ ಹಾಕಿ ಕೆದಕುವುದಂತೂ ಬೇಡವೇ ಬೇಡ, ಲೋಹದ ತುದಿಗೆ ಮೂಳೆಯೂ ಒಂದೇ, ಮಿದುಳಿನ ಪೊರೆಯೂ ಒಂದೇ. ಗಾಜಿನ ಚೂರು ಸಿಕ್ಕಿಕೊಂಡಿರಬಹುದಾದ ಗಾಯದಲ್ಲಿ ಮೊದಲು ಕಣ್ಣು, ಆಮೇಲೆ ಬೆರಳು. ಇಲ್ಲವಾದರೆ ಗಾಯವಾಗುವುದು ನಿಮಗೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಒಪ್ಪಿಕೊಳ್ಳಲೇಬೇಕು: ಬೆರಳು ಸುಳ್ಳು ಹೇಳುತ್ತದೆ, ಅದೂ ಎರಡೂ ಕಡೆಗೆ.

ಇಲ್ಲದ ಮುರಿತವನ್ನು ಇದೆ ಎಂದು ಹೇಳುವುದು ಒಂದು ಬಗೆ. ತಲೆಗೆ ಬುಗುಟೆ ಎದ್ದಾಗ ಅದರ ಅಂಚಿನ ರಕ್ತ ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ, ನಡುವಿನ ರಕ್ತ ದ್ರವವಾಗಿಯೇ ಉಳಿದು ಮೆತ್ತಗಿರುತ್ತದೆ. ಮೇಲಿನಿಂದ ಒತ್ತಿದರೆ ಉಬ್ಬಿದ ಗಟ್ಟಿ ದಡ, ನಡುವೆ ತಗ್ಗು, ಥೇಟ್ ಕುಸಿದ ಮೂಳೆಯಂತೆಯೇ ಕೈಗೆ ಸಿಗುತ್ತದೆ. ಆ ದಡವನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ಹೆಪ್ಪು ಕರಗಿ ತಗ್ಗಬಹುದು, ಮೂಳೆಯ ಅಂಚಾದರೆ ತಗ್ಗುವುದಿಲ್ಲ. ಆದರೂ ಹರಿಯದ ಚರ್ಮದ ಮೇಲಿನಿಂದ ಜೋರಾಗಿ ಒತ್ತುವ ಪ್ರಯೋಗವನ್ನು ನಾನು ಶಿಫಾರಸು ಮಾಡುವುದಿಲ್ಲ, ಅನುಮಾನವಿದ್ದಾಗ ಸ್ಕ್ಯಾನ್ ಇದೆ. ಗೇಲಿಯಾ ಮತ್ತು ಪೆರಿಕ್ರೇನಿಯಂಗಳ ಹರಿದ ಅಂಚು ಕೂಡ ಇದೇ ರೀತಿ ಮೂಳೆಯ ಅಂಚಿನಂತೆ ತೋರುತ್ತದೆ. ಹರಿದ ಅಂಚನ್ನು ಎತ್ತಿ ಅದರ ಕೆಳಗೆ ಬೆರಳು ಹೋಗುತ್ತದೆಯೇ ಎಂದು ನೋಡಿದರೆ ಸಾಮಾನ್ಯವಾಗಿ ಈ ಗೊಂದಲ ಬಗೆಹರಿಯುತ್ತದೆ.

ಹೀಗೆ ಇಲ್ಲದ ಮುರಿತವನ್ನು ತೋರಿಸುವ ಮೂರನೆಯದು ತಲೆಬುರುಡೆಯ ಮೂಳೆಗಳು ಕೂಡುವ ಹೊಲಿಗೆ ಗೆರೆಗಳು, ಅಂದರೆ ಸ್ಯೂಚರ್‌ಗಳು. ಈ ತಪ್ಪಿಗೆ ಬಹಳ ದೊಡ್ಡ ಪರಂಪರೆಯಿದೆ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ವೈದ್ಯ ಹಿಪೊಕ್ರೆಟಿಸ್‌ನ ಹೆಸರಿನಲ್ಲಿ ಉಳಿದಿರುವ ರೋಗಿಗಳ ಟಿಪ್ಪಣಿಗಳಲ್ಲಿ, ತಲೆಗೆ ಕಲ್ಲೇಟು ಬಿದ್ದು 16ನೆಯ ದಿನ ತೀರಿಕೊಂಡ ಒಬ್ಬನ ವಿವರವಿದೆ. ಬುರುಡೆಗೆ ರಂಧ್ರ ಕೊರೆಯಬೇಕಾಗಿತ್ತು, ಅದು ತನ್ನ ಗಮನಕ್ಕೆ ಬರಲಿಲ್ಲ, ಸ್ಯೂಚರ್‌ಗಳು ತನ್ನನ್ನು ದಾರಿ ತಪ್ಪಿಸಿದವು ಎಂದು ವೈದ್ಯ ಅಲ್ಲಿ ನೇರವಾಗಿ ಒಪ್ಪಿಕೊಳ್ಳುತ್ತಾನೆ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮಿನ ವೈದ್ಯಗ್ರಂಥಕಾರ ಸೆಲ್ಸಸ್ ಈ ಒಪ್ಪಿಗೆಯನ್ನು ನೆನೆದು, ತಪ್ಪನ್ನು ಹೀಗೆ ಬರೆದಿಡುವುದು ದೊಡ್ಡವರಿಗೆ ಮಾತ್ರ ಸಾಧ್ಯ ಎಂದು ಹೊಗಳಿದ. ಅದೇ ಕಾಲದ ಉಪಾಯವೊಂದೂ ಇದೆ: ಮೂಳೆಯ ಮೇಲೆ ಕಪ್ಪು ಬಣ್ಣ ಸುರಿದು ಆಮೇಲೆ ಕೆರೆದರೆ ಸರಿಯಿರುವ ಮೂಳೆ ಬೆಳ್ಳಗಾಗುತ್ತದೆ, ಬಿರುಕಿನೊಳಗೆ ಇಳಿದ ಕಪ್ಪು ಮಾತ್ರ ಗೆರೆಯಾಗಿ ಉಳಿಯುತ್ತದೆ. ನೀವು ಯಾರೂ ಶಾಯಿ ಸುರಿಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅದೇ ತತ್ತ್ವ ಇಂದಿಗೂ ನಮ್ಮ ಕೈಯಲ್ಲಿದೆ. ಗಾಜ್ ಬಟ್ಟೆಯಿಂದ ಮೂಳೆಯನ್ನು ಒರೆಸಿ ನೋಡಿ. ಸ್ಯೂಚರ್ ಮೇಲಿನ ರಕ್ತ ಒರೆಸಿದರೆ ಹೋಗುತ್ತದೆ, ಮುರಿತದ ಗೆರೆಯಲ್ಲಿ ಒಳಗಿನ ಮೂಳೆಯಿಂದ ಮತ್ತೆ ಜಿನುಗಿ ಕೆಂಪು ದಾರದಂತೆ ನಿಲ್ಲುತ್ತದೆ. ಸ್ಯೂಚರ್ ಅಂಕುಡೊಂಕಾಗಿ ಹಲ್ಲುಹಲ್ಲಾಗಿರುತ್ತದೆ, ಇರಬೇಕಾದ ಜಾಗದಲ್ಲಿಯೇ ಇರುತ್ತದೆ; ಮುರಿತದ ಗೆರೆ ಸಾಮಾನ್ಯವಾಗಿ ನೇರವಾಗಿ ಓಡುತ್ತದೆ. ಹಣೆಯ ನಡುವಿನ ಸ್ಯೂಚರ್ ಬಾಲ್ಯದಲ್ಲಿಯೇ ಕೂಡಿಹೋಗಬೇಕಾದದ್ದು ಕೆಲವು ವಯಸ್ಕರಲ್ಲಿ ಹಾಗೆಯೇ ಉಳಿದಿರುತ್ತದೆ ಎಂಬುದೊಂದನ್ನು ನೆನಪಿನಲ್ಲಿಡಿ.

ಇರುವ ಮುರಿತವನ್ನು ಇಲ್ಲ ಎನ್ನುವುದು ಬೆರಳಿನ ಎರಡನೆಯ ಸುಳ್ಳು, ಇದೇ ಹೆಚ್ಚು ಅಪಾಯದ್ದು. ಕುಸಿದ ಜಾಗವನ್ನು ಹೆಪ್ಪುಗಟ್ಟಿದ ರಕ್ತ ತುಂಬಿ ಸುತ್ತಲಿನ ಮೂಳೆಯ ಮಟ್ಟಕ್ಕೆ ತಂದುಬಿಡುತ್ತದೆ. ಗಂಟೆಗಳು ಕಳೆದಂತೆ ಊತವೇರಿ ತಗ್ಗು ಉಬ್ಬಾಗಿ ಕಾಣುತ್ತದೆ. ಪೆಟ್ಟು ಬಿದ್ದ ಹೊಸತರಲ್ಲಿ ಬೆರಳಿಗೆ ಸಿಗುವ ಮೆಟ್ಟಿಲು ಮರುದಿನ ಸಿಗುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ಒಳಪದರದ ಮುರಿತ. ತಲೆಬುರುಡೆ ಒಂದೇ ಹಲಗೆಯಲ್ಲ. ಹೊರಗೊಂದು ಒಳಗೊಂದು ಗಟ್ಟಿ ತಗಡು, ನಡುವೆ ಸ್ಪಂಜಿನಂಥ ಮೂಳೆ. ಹಸಿ ಕೋಲನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿದರೆ ಮೊದಲು ಸೀಳುವುದು ಮೊಣಕಾಲಿಗೆ ತಾಗಿದ ಬದಿಯಲ್ಲ, ಅದರ ಆಚೆ ಬದಿ. ಬುರುಡೆಯೂ ಹಾಗೆಯೇ. ಹೊರಗಿನಿಂದ ಪೆಟ್ಟು ಬಿದ್ದು ಮೂಳೆ ಒಳಕ್ಕೆ ಬಾಗಿದಾಗ ಎಳೆತಕ್ಕೆ ಸಿಲುಕುವುದು ಒಳಗಿನ ತಗಡು. ಎಳೆತವನ್ನು ಮೂಳೆ ಅಷ್ಟಾಗಿ ತಾಳಲಾರದು. ಹೀಗಾಗಿ ಹೊರಗೆ ಕೂದಲೆಳೆಯ ಗೆರೆಯಷ್ಟೇ ಇದ್ದರೂ ಒಳಗಡೆ ಅಗಲವಾಗಿ ಚೂರುಚೂರಾಗಿರಬಹುದು. ಬೆರಳಿಗೆ ಅದು ತಿಳಿಯುವ ದಾರಿಯೇ ಇಲ್ಲ. ಬೆರಳಿಗೆ ಏನಾದರೂ ಸಿಕ್ಕರೆ ನಂಬಿ, ಏನೂ ಸಿಗದಿದ್ದರೆ ನಂಬಬೇಡಿ ಎಂದು ನಾನು ಕಿರಿಯರಿಗೆ ಹೇಳುವುದು ಇದಕ್ಕಾಗಿ.

ಹಾಗಾದರೆ ಬೆರಳಿಗೆ ಏನೂ ಸಿಗದಿದ್ದಾಗ ಅನುಮಾನವನ್ನು ಯಾವುದರ ಮೇಲೆ ನಿಲ್ಲಿಸುವುದು? ನನ್ನ ಅನುಭವದಲ್ಲಿ ಪೆಟ್ಟಿನ ಕಥೆಯ ಮೇಲೆ. ತಲೆ ಹೋಗಿ ಅಗಲವಾದ ನೆಲಕ್ಕೋ ಗೋಡೆಗೋ ಬಡಿದರೆ ಬಲ ಹರಡಿಕೊಂಡು ಉದ್ದನೆಯ ಗೆರೆಯಂಥ ಬಿರುಕು ಬೀಳುತ್ತದೆ. ಸಣ್ಣ ಮುಖವುಳ್ಳ ಗಟ್ಟಿ ವಸ್ತು ಬಂದು ತಲೆಗೆ ಬಡಿದರೆ, ಅಂದರೆ ಸುತ್ತಿಗೆ, ಕಲ್ಲು, ಕಂಬಿಯ ತುದಿ, ಇಟ್ಟಿಗೆಯ ಮೂಲೆ ಇಂಥವು, ಬಲವೆಲ್ಲ ಒಂದೆಡೆ ಸೇರಿ ಆ ವಸ್ತುವಿನ ಅಳತೆಯ ಮೂಳೆಯೇ ಒಳಕ್ಕೆ ಕುಸಿಯುತ್ತದೆ. ಈ ಎರಡನೆಯ ಬಗೆಯಲ್ಲಿ ಮಿದುಳಿಗೆ ಒಟ್ಟಾರೆ ಅಲುಗಾಟ ಕಡಿಮೆಯಾದ್ದರಿಂದ ರೋಗಿ ಪ್ರಜ್ಞೆ ತಪ್ಪದೆ, ಮಾತನಾಡುತ್ತಲೇ, ನನ್ನ ಆ ಯುವಕನಂತೆ ನಡೆದುಕೊಂಡು ಬರಬಹುದು. ‘ಪ್ರಜ್ಞೆ ತಪ್ಪಿಲ್ಲ, ಹಾಗಾಗಿ ಮುರಿತವಿಲ್ಲ’ ಎಂಬ ತರ್ಕ ನಿಲ್ಲದಿರುವುದು ಇದರಿಂದ. ಗ್ಲ್ಯಾಸ್ಗೋ ಮಾಪಕವನ್ನು ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ನರಶಸ್ತ್ರವೈದ್ಯರು 1974ರಲ್ಲಿ ರೂಪಿಸಿದ್ದು ಪ್ರಜ್ಞೆಯ ಮಟ್ಟವನ್ನು ಅಳೆಯಲು. ಮೂಳೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆದ್ದರಿಂದ ಏನು ತಗುಲಿತು, ಅದರ ಆಕಾರವೇನು, ಎಷ್ಟು ಎತ್ತರದಿಂದ ಎಂದು ಕೇಳಿ. ಮೊಳೆ, ಚೂರಿ, ಏರ್‌ಗನ್ನಿನ ಗುಂಡು ಇಂಥವುಗಳ ಗಾಯವು ಕೂದಲಿನ ನಡುವೆ ಸೊಳ್ಳೆ ಕಚ್ಚಿದಷ್ಟೇ ಕಾಣಬಹುದು.

ಗಾಯ ಎಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕಣತಲೆಯಲ್ಲಿ ಮೂಳೆ ಕೆಲವೇ ಮಿ.ಮೀ. ದಪ್ಪವಿದ್ದು, ಅದರ ಒಳಮೈಗೆ ತಾಗಿಕೊಂಡೇ ಮಿಡ್ಲ್ ಮೆನಿಂಜಿಯಲ್ ರಕ್ತನಾಳ ಹಾದುಹೋಗುತ್ತದೆ. ಅಲ್ಲಿನ ಬಿರುಕು ಆ ನಾಳವನ್ನು ಹರಿದರೆ ಡ್ಯೂರಾ ಎಂಬ ಮಿದುಳಿನ ಹೊರಪೊರೆಯ ಆಚೆ ರಕ್ತ ಕೂಡಿಕೊಳ್ಳುತ್ತದೆ. ಒಂದಷ್ಟು ಹೊತ್ತು ಚೆನ್ನಾಗಿಯೇ ಮಾತನಾಡುತ್ತಿದ್ದವನು ಆಮೇಲೆ ಮಂಪರಿಗೆ ಜಾರುವುದು ಇಂಥ ಕಡೆ. ಅಲ್ಲಿನ ದಪ್ಪ ಸ್ನಾಯು ಮೂಳೆಯನ್ನು ಮುಚ್ಚಿರುವುದರಿಂದ ಬೆರಳಿಗೂ ಅದು ಸುಲಭವಾಗಿ ಎಟುಕದು. ಹುಬ್ಬಿನ ಮೇಲಿನ ಗಾಯದ ಕೆಳಗೆ ಫ್ರಂಟಲ್ ಸೈನಸ್ ಎಂಬ, ಮೂಗಿಗೆ ತೆರೆದುಕೊಳ್ಳುವ ಗಾಳಿಗೂಡು ಇದೆ. ಅದರ ಹಿಂದಿನ ಗೋಡೆ ಒಡೆದಿದ್ದರೆ ಮೂಗಿನೊಳಗಿಂದ ಮಿದುಳಿನ ಪೊರೆಯವರೆಗೆ ಸೋಂಕಿಗೆ ದಾರಿ ತೆರೆದಂತೆಯೇ. ಮುಖದ ಅಂದದ ಚಿಂತೆಯಲ್ಲಿ ನಾವು ಹುಬ್ಬಿನ ಅಂಚನ್ನು ಕೂದಲೆಳೆಯಷ್ಟೂ ತಪ್ಪದಂತೆ ಜೋಡಿಸುತ್ತೇವೆ, ಅದರ ಕೆಳಗಿನ ಮೂಳೆಯನ್ನು ಮುಟ್ಟಿಯೂ ನೋಡಿರುವುದಿಲ್ಲ. ಹಿಂದಲೆಯ ಗಾಯವಂತೂ ಕಾಣುವುದೇ ಇಲ್ಲ. ಕುತ್ತಿಗೆಗೆ ಕಾಲರ್ ಹಾಕಿ ಅಂಗಾತ ಮಲಗಿಸಿದ ರೋಗಿಯ ತಲೆಯ ಕೆಳಗೆ, ಕೂದಲಿನಲ್ಲಿ ಒಣಗಿದ ರಕ್ತದ ಗಂಟಿನ ಅಡಿಯಲ್ಲಿ ಅದು ಇರುತ್ತದೆ. ಮೈಯನ್ನು ಒಟ್ಟಾಗಿ ಹೊರಳಿಸುವಾಗ ಎಲ್ಲರೂ ಬೆನ್ನು ನೋಡುತ್ತಾರೆ. ಅದೇ ಹೊತ್ತಿಗೆ ಒಬ್ಬರು ಹಿಂದಲೆಯ ಮೇಲೆ ಗ್ಲೌಸ್ ತೊಟ್ಟ ಕೈಯಾಡಿಸಿ, ಗ್ಲೌಸಿಗೆ ರಕ್ತ ಹತ್ತಿದೆಯೇ ಎಂದು ನೋಡಬೇಕು.

ಬುರುಡೆಯ ತಳದ ಮುರಿತದ ಚಿಹ್ನೆಗಳನ್ನು ನೀವೆಲ್ಲ ಓದಿರುತ್ತೀರಿ, ಬೇಗ ಮುಗಿಸುತ್ತೇನೆ. ಎರಡೂ ಕಣ್ಣಿನ ಸುತ್ತ ಕಪ್ಪು, ಕಿವಿಯ ಹಿಂದಿನ ಮೂಳೆಯ ಮೇಲೆ ಕಂದು, ಕಿವಿತಮಟೆಯ ಹಿಂದೆ ರಕ್ತ, ಮೂಗು ಅಥವಾ ಕಿವಿಯಿಂದ ಮಿದುಳಿನ ಸುತ್ತಲಿನ ತಿಳಿನೀರು. ಕಿವಿಯ ಹಿಂದಿನ ಕಂದನ್ನು ‘ಬ್ಯಾಟಲ್ ಚಿಹ್ನೆ’ ಎನ್ನುತ್ತಾರೆ. ಯಾವುದೋ ಯುದ್ಧಕ್ಕೆ ಸಂಬಂಧಿಸಿದ್ದು ಎಂದು ನಾನು ಬಹುಕಾಲ ತಿಳಿದಿದ್ದೆ, ಅದು ವಿಲಿಯಂ ಹೆನ್ರಿ ಬ್ಯಾಟಲ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರ ಹೆಸರು. ಇದರ ತೊಡಕೆಂದರೆ ಅದು ಕಾಣಿಸಿಕೊಳ್ಳಲು ಹಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನವೇ ಬೇಕು. ಅಪಘಾತವಾದ ಅರ್ಧ ಗಂಟೆಗೆ ಕಿವಿಯ ಹಿಂದೆ ಚರ್ಮ ತಿಳಿಯಾಗಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಕಿವಿಯೊಳಗೆ ಓಟೊಸ್ಕೋಪ್ ಹಾಕಿ ತಮಟೆಯನ್ನು ನೋಡುವುದು ಅದಕ್ಕಿಂತ ಬೇಗ ಫಲ ಕೊಡುತ್ತದೆ, ಆದರೂ ತುರ್ತು ವಿಭಾಗದಲ್ಲಿ ಎಲ್ಲರೂ ಮರೆಯುವ ಪರೀಕ್ಷೆ ಅದೇ. ಕಣ್ಣಿನ ಸುತ್ತಲಿನ ಕಪ್ಪಿನಲ್ಲೂ ಒಂದು ಮೋಸವಿದೆ. ಹಣೆಯ ಮೇಲಿನ ಗಾಯದ ರಕ್ತವು ನಾನು ಹೇಳಿದ ಆ ಜಾಳು ಪದರದಲ್ಲಿ ಇಳಿದಿಳಿದು ಮರುದಿನ ರೆಪ್ಪೆಗಳಿಗೆ ಬರಬಹುದು, ಏಕೆಂದರೆ ಹಣೆಯ ಸ್ನಾಯು ಮುಂಭಾಗದಲ್ಲಿ ಮೂಳೆಗೆ ಅಂಟಿಕೊಂಡಿಲ್ಲ, ರಕ್ತವನ್ನು ತಡೆಯುವ ಒಡ್ಡು ಅಲ್ಲಿಲ್ಲ. ಹಾಗೆ ಕಪ್ಪಾದ ಕಣ್ಣೆಲ್ಲವೂ ತಳದ ಮುರಿತವಲ್ಲ, ಆದರೆ ಹಾಗೆಂದು ತೀರ್ಮಾನಿಸುವುದು ಸ್ಕ್ಯಾನ್ ನೋಡಿದ ಮೇಲೆ. ಇಂಥ ಅನುಮಾನವಿರುವ ರೋಗಿಯ ಮೂಗಿನ ಮೂಲಕ ಯಾವ ಕೊಳವೆಯನ್ನೂ ಹಾಕಬೇಡಿ.

ಸ್ಕ್ಯಾನ್ ಯಾರಿಗೆ ಎಂಬ ಪ್ರಶ್ನೆಗೆ 2001ರಲ್ಲಿ ಪ್ರಕಟವಾದ ಕೆನಡಾದ ಸಿಟಿ ನಿಯಮವನ್ನು ಹಲವು ದೇಶಗಳಲ್ಲಿ ಬಳಸುತ್ತಾರೆ. ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದ್ದ, ಇಲ್ಲವೇ ಮರೆವು ಅಥವಾ ಗೊಂದಲ ಉಂಟಾದ, ಜೊತೆಗೆ ಗ್ಲ್ಯಾಸ್ಗೋ ಅಂಕ 13ರಿಂದ 15ರವರೆಗೆ ಇರುವ ವಯಸ್ಕರು ಮಾತ್ರ ಅದರ ವ್ಯಾಪ್ತಿ. ಎರಡು ಗಂಟೆಯಾದರೂ ಅಂಕ 15ಕ್ಕೆ ಬಾರದಿರುವುದು, ಎರಡು ಅಥವಾ ಹೆಚ್ಚು ಸಲ ವಾಂತಿ, 65 ಅಥವಾ ಅದಕ್ಕೆ ಮೇಲ್ಪಟ್ಟ ವಯಸ್ಸು, ಬುರುಡೆಯ ತಳದ ಮುರಿತದ ಚಿಹ್ನೆ ಇವುಗಳ ಜೊತೆಗೆ ‘ತೆರೆದ ಅಥವಾ ಕುಸಿದ ಮುರಿತದ ಅನುಮಾನ’ ಎಂಬುದನ್ನೂ ಅದು ಹೆಚ್ಚಿನ ಅಪಾಯದ ಪಟ್ಟಿಯಲ್ಲಿ ಇರಿಸಿದೆ. ಗಮನಿಸಿ, ಅಲ್ಲಿರುವ ಮಾತು ‘ಮುರಿತ’ ಎಂದಲ್ಲ, ‘ಅನುಮಾನ’ ಎಂದು. ಆ ಅನುಮಾನ ಹುಟ್ಟಬೇಕಾದದ್ದು ನಮ್ಮ ಬೆರಳಿನಿಂದ, ನಾವು ಕೇಳಿದ ಕಥೆಯಿಂದ. ಗಾಯವನ್ನು ಮುಟ್ಟಿಯೇ ನೋಡದವರ ಕೈಯಲ್ಲಿ ಈ ನಿಯಮದ ಆ ಸಾಲು ಸತ್ತ ಸಾಲು. ನನ್ನ ಯುವಕ ಪ್ರಜ್ಞೆ ತಪ್ಪಿರಲಿಲ್ಲವಾದ್ದರಿಂದ ನಿಯಮದ ವ್ಯಾಪ್ತಿಗೇ ಬರುತ್ತಿರಲಿಲ್ಲ ಎಂಬುದನ್ನೂ ಯೋಚಿಸಿ. ರಕ್ತ ತೆಳುಗೊಳಿಸುವ ಮಾತ್ರೆ ಸೇವಿಸುವವರೂ, ಪೆಟ್ಟಿನ ನಂತರ ಫಿಟ್ಸ್ ಬಂದವರೂ ಈ ನಿಯಮದ ಹೊರಗೆ. ಅವರ ವಿಷಯದಲ್ಲಿ ಸ್ಕ್ಯಾನಿನ ಕಡೆಗೇ ವಾಲಬೇಕು.

ಸಾಧಾರಣ ಎಕ್ಸ್‌ರೇ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಮುರಿತವನ್ನು ತಪ್ಪಿಸಿಕೊಳ್ಳಬಲ್ಲದು, ಒಳಗಿನ ರಕ್ತವನ್ನಂತೂ ತೋರಿಸುವುದೇ ಇಲ್ಲ. ಸಿಟಿ ಸಿಗುವ ಕಡೆ ಎಕ್ಸ್‌ರೇ ತೆಗೆದು ಸಮಾಧಾನಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಆದರೆ ಸಿಟಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಡ್ಡಡ್ಡವಾಗಿ ಹೋಳು ಮಾಡಿದ ಚಿತ್ರಗಳಲ್ಲಿ, ಆ ಹೋಳಿಗೆ ಸಮಾನಾಂತರವಾಗಿ ಓಡುವ ಬಿರುಕು ಎರಡು ಹೋಳುಗಳ ನಡುವೆ ಜಾರಿಹೋಗಬಲ್ಲದು. ನೆತ್ತಿಯ ತುದಿಯ ಮುರಿತಗಳಲ್ಲಿ ಹೀಗಾಗುವುದುಂಟು. ತೆಳುವಾದ ಹೋಳುಗಳಿಂದ ಲಂಬ ದಿಕ್ಕಿನ ಚಿತ್ರಗಳನ್ನೂ ಮೂರು ಆಯಾಮದ ಚಿತ್ರವನ್ನೂ ರಚಿಸಿಕೊಡಿ ಎಂದು ಕೇಳಿದರೆ ಅದು ಎದ್ದು ಕಾಣುತ್ತದೆ. ಚಿತ್ರ ನೋಡುವಾಗ ಮೂಳೆಯನ್ನು ಎತ್ತಿ ತೋರಿಸುವ ನೋಟವಾದ ಬೋನ್ ವಿಂಡೋ ತೆರೆಯದೆ ಮಿದುಳಿನ ವಿಂಡೋದಲ್ಲಿಯೇ ಮುಗಿಸಿಬಿಡುವುದು ಮಧ್ಯರಾತ್ರಿಯ ಸಾಮಾನ್ಯ ತಪ್ಪು. ಮೊದಲು ತಲೆಚರ್ಮದ ಊತ ಎಲ್ಲಿದೆ ಎಂದು ಹುಡುಕಿ, ಅದರ ಕೆಳಗಿನ ಮೂಳೆಯನ್ನು ಹೋಳುಹೋಳಾಗಿ ನೋಡಿ, ಆಮೇಲೆ ಬೇರೆಡೆಗೆ ಹೋಗಿ. ರಕ್ತನಾಳದ ಗುರುತು ಕವಲೊಡೆಯುತ್ತ ಸಣ್ಣದಾಗುತ್ತ ಹೋಗುತ್ತದೆ, ಅದರ ಅಂಚು ಮೃದುವಾಗಿರುತ್ತದೆ. ಮುರಿತದ ಗೆರೆ ಹೆಚ್ಚು ಕಪ್ಪು, ಹೆಚ್ಚು ಚೂಪು. ಮೂಳೆಗೆ ಒಳಗಡೆಯಿಂದ ತಾಗಿದಂತೆ ಒಂದು ಪುಟ್ಟ ಕಪ್ಪು ಚುಕ್ಕೆ ಕಂಡರೆ ಅದು ಗಾಳಿಯ ಗುಳ್ಳೆಯಿರಬಹುದು. ಹೊರಗಿನ ಗಾಳಿ ಬುರುಡೆಯೊಳಗೆ ಹೋಗಿದೆ ಎಂದರೆ ಮುರಿತ ತೆರೆದಿದೆ ಎಂದೇ ಅರ್ಥ, ಗೆರೆ ನಿಮ್ಮ ಕಣ್ಣಿಗೆ ಬೀಳದಿದ್ದರೂ.

ಮಕ್ಕಳ ವಿಷಯ ಬೇರೆಯೇ. ಎರಡು ವರ್ಷದೊಳಗಿನ ಮಗುವಿನಲ್ಲಿ ಗಾಯಕ್ಕಿಂತ ಬುಗುಟೆಯನ್ನು ನೋಡಿ. ಹಣೆಯ ಬುಗುಟೆ ಸಾಮಾನ್ಯವಾಗಿ ನಿರುಪದ್ರವಿ. ಕಿವಿಯ ಮೇಲ್ಭಾಗದಲ್ಲಿ, ಪಕ್ಕದಲ್ಲಿ, ಹಿಂದಲೆಯಲ್ಲಿ ಎದ್ದ ಮೆತ್ತನೆಯ ಊತದ ಕೆಳಗೆ ಬಿರುಕಿರುವ ಸಾಧ್ಯತೆ ಹೆಚ್ಚು. ನಲವತ್ತು ಸಾವಿರಕ್ಕೂ ಮಿಕ್ಕಿದ ಮಕ್ಕಳನ್ನು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದ, ಯಾವ ಮಗುವಿಗೆ ಸ್ಕ್ಯಾನ್ ಬೇಕೆಂದು ತೀರ್ಮಾನಿಸಲು ನೆರವಾಗುವ ಪೆಕಾರ್ನ್ ನಿಯಮವೂ ಈ ವಯಸ್ಸಿನವರಲ್ಲಿ ಹಣೆಯ ಹೊರತಾದ ಊತವನ್ನು ಪ್ರತ್ಯೇಕವಾಗಿ ಲೆಕ್ಕಕ್ಕೆ ಹಿಡಿಯುತ್ತದೆ. ಎಳೆಯ ಮಗುವಿನ ಮೂಳೆ ಒಡೆಯದೆಯೇ ಪಿಂಗ್‌ಪಾಂಗ್ ಚೆಂಡಿನಂತೆ ತಗ್ಗಾಗಬಹುದು. ಹೇಳಿದ ಕಥೆಗೂ ಕಂಡ ಮುರಿತಕ್ಕೂ ತಾಳೆಯಾಗದಿದ್ದರೆ, ಎರಡೂ ಬದಿಯಲ್ಲಿ ಅಥವಾ ಬೇರೆ ಬೇರೆ ಕಾಲದ ಗಾಯಗಳು ಕಂಡರೆ, ಮಗುವಿಗೆ ಯಾರಾದರೂ ಹೊಡೆದಿರಬಹುದೇ ಎಂದು ಕೇಳಿಕೊಳ್ಳುವುದು ನಮ್ಮ ಕೆಲಸದ ಭಾಗ, ಎಷ್ಟೇ ಅಹಿತಕರವಾದರೂ.

ಕುಡಿದು ಬಿದ್ದವರ ಬಗ್ಗೆಯೂ ಒಂದು ಮಾತು. ಹೆಂಡದ ವಾಸನೆ ಬಂದೊಡನೆ ನಮ್ಮ ಕುತೂಹಲ ಅರ್ಧಕ್ಕಿಳಿಯುತ್ತದೆ; ಮಂಪರು, ವಾಂತಿ, ತೊದಲು ಎಲ್ಲಕ್ಕೂ ಸಿದ್ಧ ಉತ್ತರ ಸಿಕ್ಕಿಬಿಡುತ್ತದೆ. ತಲೆಯಲ್ಲಿ ಗಾಯವಿರುವವರೆಗೆ ಆ ಉತ್ತರವನ್ನು ಕಟ್ಟಕಡೆಗೆ ಇಟ್ಟುಕೊಳ್ಳಬೇಕು.

ಮುರಿತ ಸಿಕ್ಕಿತು ಎನ್ನಿ. ಗಾಯವನ್ನು ಸೆಲೈನಿನಲ್ಲಿ ತೋಯಿಸಿದ ಸ್ಟೆರೈಲ್ ಗಾಜ್ ಬಟ್ಟೆಯಿಂದ ಮುಚ್ಚಿ, ಟೆಟನಸ್ ರಕ್ಷಣೆ ಕೊಡಿ, ಆಂಟಿಬಯೋಟಿಕ್ ಬಗ್ಗೆ ನರಶಸ್ತ್ರವೈದ್ಯರೊಂದಿಗೆ ಆಗಲೇ ಮಾತನಾಡಿ, ಬಾಯಿಗೆ ಏನನ್ನೂ ಕೊಡಬೇಡಿ, ರಕ್ತದೊತ್ತಡ ಬೀಳಲು ಬಿಡಬೇಡಿ. ಅಲುಗಾಡುವ ಚೂರನ್ನೋ ಒಳಗೆ ನಾಟಿದ ವಸ್ತುವನ್ನೋ ಕೀಳುವ ಆಸೆ ಬೇಡ. ನೆತ್ತಿಯ ನಡುಗೆರೆಯಲ್ಲಾದರೆ ಆ ಚೂರೇ ಕೆಳಗಿನ ದೊಡ್ಡ ರಕ್ತಕುಹರಕ್ಕೆ ಬಿರಡೆಯಾಗಿ ಕುಳಿತಿರಬಹುದು, ಎಳೆದರೆ ಬರುವ ರಕ್ತವನ್ನು ತುರ್ತು ವಿಭಾಗದಲ್ಲಿ ನಿಲ್ಲಿಸಲಾಗುವುದಿಲ್ಲ. ಮೂಳೆ ಕುಸಿದ ಆಳವು ಬುರುಡೆಯ ದಪ್ಪವನ್ನು ಮೀರಿದ್ದರೆ, ಡ್ಯೂರಾ ಹರಿದಿದ್ದರೆ, ಗಾಯ ಮಲಿನವಾಗಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ದಾರಿ. ಉಳಿದ ಕೆಲವನ್ನು ತೊಳೆದು ಮುಚ್ಚಿ ಕಾಯುವುದೂ ಉಂಟು, ಆ ತೀರ್ಮಾನ ಅವರದು. ನಮ್ಮ ಹಾಳೆಯಲ್ಲಿ ಮಾತ್ರ ಬೆರಳಿಗೆ ಸಿಕ್ಕಿದ್ದನ್ನು ಸಿಕ್ಕಂತೆಯೇ ಬರೆಯಿರಿ: ಗಾಯದ ಅಳತೆ, ಗೇಲಿಯಾ ಹರಿದಿದೆಯೇ, ಮೂಳೆ ಕಂಡಿತೇ, ಎಲ್ಲಿಯವರೆಗೆ ಮುಟ್ಟಿ ನೋಡಿದಿರಿ. ‘ತಲೆಗೆ ಗಾಯ, ಐದು ಹೊಲಿಗೆ’ ಎಂದಷ್ಟೇ ಇದ್ದ ನನ್ನ ಅಂದಿನ ಹಾಳೆಯಿಂದ ಮೂರನೆಯ ದಿನ ರೋಗಿಯನ್ನು ನೋಡಿದವರಿಗೆ ಕಿಂಚಿತ್ತೂ ಉಪಯೋಗವಾಗಲಿಲ್ಲ.

ಸಿಟಿ ಯಂತ್ರ ಪಕ್ಕದ ಕೋಣೆಯಲ್ಲಿಯೇ ಇರುವಾಗ ಈ ಬೆರಳಿನ ಉಸಾಬರಿ ಏಕೆ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ನನ್ನ ಉತ್ತರ ಇದು: ತಲೆಗೆ ಗಾಯವಾಗಿ ಬರುವ ಎಲ್ಲರನ್ನೂ ಯಾರೂ ಸ್ಕ್ಯಾನ್ ಮಾಡುವುದಿಲ್ಲ, ಮಾಡಲೂಬಾರದು, ಮಕ್ಕಳನ್ನಂತೂ ವಿಕಿರಣದ ಕಾರಣಕ್ಕೆ ಇನ್ನೂ ಹಿಂದೆಮುಂದೆ ನೋಡಿ ಕಳಿಸುತ್ತೇವೆ. ಯಾರನ್ನು ಕಳಿಸಬೇಕೆಂದು ಆರಿಸುವ ಹೊತ್ತಿನಲ್ಲಿ ನಮ್ಮ ಬಳಿ ಇರುವುದು ಬೆರಳು ಮತ್ತು ಕಿವಿ ಮಾತ್ರ. ಇನ್ನು ನರ್ಸ್ ಒಬ್ಬರ ಪ್ರಶ್ನೆ, ಇದು ನಿಜವಾಗಿ ಕೈಯ ಕೆಲಸ ಬಲ್ಲವರ ಪ್ರಶ್ನೆ: ಒಳಗೆ ಮೂಳೆ ಕುಸಿದಿದೆ ಎಂಬ ಅನುಮಾನವಿದ್ದು ರಕ್ತವೂ ಸುರಿಯುತ್ತಿದ್ದರೆ ಒತ್ತುವುದು ಹೇಗೆ? ಗಾಯದ ನಡುವೆ ಒತ್ತಬಾರದು, ಚೂರು ಇನ್ನಷ್ಟು ಒಳಗೆ ಹೋಗುತ್ತದೆ. ಬ್ಯಾಂಡೇಜ್ ಬಟ್ಟೆಯನ್ನು ಸುತ್ತಿ ಸಿಂಬೆಯಂತೆ ಮಾಡಿ, ಗಾಯವು ಆ ಸಿಂಬೆಯ ನಡುವಿನ ಖಾಲಿ ಜಾಗದಲ್ಲಿ ಬರುವಂತೆ ಇಟ್ಟು, ಅದರ ಮೇಲೆ ಹಗುರವಾಗಿ ಕಟ್ಟಬೇಕು. ಆಗ ಭಾರ ಸುತ್ತಲಿನ ಗಟ್ಟಿ ಮೂಳೆಯ ಮೇಲೆ ಬೀಳುತ್ತದೆ, ತಲೆಚರ್ಮದ ನಾಳಗಳು ಅಂಚಿನಲ್ಲಿಯೇ ಅದುಮಲ್ಪಟ್ಟು ರಕ್ತ ನಿಲ್ಲುತ್ತದೆ, ಕುಸಿದ ಚೂರನ್ನು ಯಾವುದೂ ಮುಟ್ಟುವುದಿಲ್ಲ.